ಎರಡು ಗೂಟಗಳ ನಡುವೆ

ಮಾರ್ಚ್ ೧೨, ಭಾನುವಾರ

ಮುದ್ದಿನ ಗುಬ್ಬಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಉತ್ತರಪತ್ರಿಕೆಗಳ ಕಟ್ಟು ತಿದ್ದುವುದಿತ್ತು ಎಂದು ಬರೆಯಬಹುದು, ಆದರೆ ಅದು ನೆಪ. ಬರೆಯಲು ಕೂರುತ್ತಿದ್ದೆ, ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ, ಮತ್ತೆ ಹಾಕಿಡುತ್ತಿದ್ದೆ. ನಾವಿಬ್ಬರೂ ಕ್ಷೇಮ. ಕ್ಷೇಮ ಎಂದರೆ ಹೊತ್ತಿಗೆ ಸರಿಯಾಗಿ ಉಣ್ಣುತ್ತೇವೆ, ಮಲಗುತ್ತೇವೆ, ಏಳುತ್ತೇವೆ. ಮೊನ್ನೆ ಒಲೆಯ ಮೇಲಿದ್ದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದುಬಿಟ್ಟೆ. ಬೊಬ್ಬೆ ಎದ್ದ ಮೇಲೆಯೇ ಕೈ ಸುಟ್ಟಿದೆ ಎಂದು ತಿಳಿದದ್ದು. ಈಗ ವಾಸಿಯಾಗಿದೆ, ಗಾಬರಿಯಾಗಬೇಡ.

ಎದುರುಮನೆಯ ದರ್ಜಿ ಆಂಟಿ ನಿನ್ನನ್ನು ಕೇಳುತ್ತಲೇ ಇರುತ್ತಾರೆ. ಹಾಸ್ಟೆಲ್ ಊಟ ಮೈಗೆ ಹತ್ತಿರಬೇಕು, ಹಳೆಯ ಅಳತೆಗೆ ಹೊಲಿಯುವುದಿಲ್ಲ, ಹೊಸದಾಗಿ ಕಳಿಸಲಿ ಎಂದಿದ್ದಾರೆ. ನಮ್ಮ ಹೆಡ್‌ಮಿಸ್ ಅಂತೂ ಒಂದು ಟರ್ಮ್ ರಜೆ ಹಾಕಿ ಎಂದು ಹಟ ಹಿಡಿದಿದ್ದರು. ರಜೆ ಹಾಕಿ ಮನೆಯಲ್ಲಿ ಏನು ಮಾಡಲಿ? ಬೋರ್ಡಿನ ಮುಂದೆ ನಿಂತರೆ ಬಾಯಿ ತಾನಾಗಿಯೇ ಪಾಠ ಹೇಳುತ್ತದೆ. ಆ ಹೊತ್ತು ನಾನು ಅಲ್ಲಿ ಇರಬೇಕಾಗಿಯೂ ಇಲ್ಲ.

ಇನ್ನು ನಿನ್ನ ಕಾಗದದ ವಿಷಯ. ಲಕೋಟೆಯ ಮೇಲೆ ನನ್ನ ಹೆಸರಿತ್ತು. ಒಳಗೆ ಮಾತ್ರ, ಎರಡು ಅಳತೆಗಳ ನಡುವಿನದನ್ನು ಅಂದಾಜು ಮಾಡುವ ಇಂಟರ್‌ಪೊಲೇಶನ್ ಸೂತ್ರ ಬಾಯಿಪಾಠ ಬರುತ್ತದೆ, ಅದು ಯಾಕೆ ಸರಿ ಎಂದು ತಿಳಿಯುವುದಿಲ್ಲ, "ಅಪ್ಪನ್ನ ಕೇಳಿ ಹೇಳಮ್ಮ" ಎಂದು ನೀನು ಬರೆದಿದ್ದೆ. ಮನೆಯಲ್ಲಿ ಗಣಿತದ ಟೀಚರು ನಾನು. ಆದರೂ ನೀನು ಕೇಳಿದ್ದು ಅಪ್ಪನನ್ನೇ. ನಿನ್ನ ಅಕ್ಕ ಕೆರೆಯಲ್ಲಿ ಮುಳುಗಿಹೋದ ಮೇಲೆ ನೀನು ಅಪ್ಪನ ಹೆಸರೆತ್ತಿದ್ದು ಇದೇ ಮೊದಲು.

ಕಾಗದವನ್ನು ಅವರ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು, ಮಡಚಿಟ್ಟರು, ನೀನೇ ಬರಿ ಎಂದರು. ನೀನು ಗಣಿತ ಕೇಳುತ್ತಿದ್ದೀಯೋ, ಅವತ್ತಿನ ಮಾತನ್ನೇ ಮತ್ತೆ ಕೇಳುತ್ತಿದ್ದೀಯೋ ಅವರಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಿಳಿಯಲಿಲ್ಲ.

ನೆಂಟರೆಲ್ಲ ಕೂತಿದ್ದ ನಡುಮನೆಯಲ್ಲಿ ಅವತ್ತು ನೀನು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ಎರಡು ಗೂಟದ ಹತ್ರ ಮಾತ್ರ ಅಳೆದ್ರಿ. ನಡುವೆ ಅಳೀಲೇ ಇಲ್ಲ. ನಿಮ್ಮ ಅಂದಾಜು ನಂಬ್ಕೊಂಡು ಅಕ್ಕ ಹೋದ್ಲು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಿಮ್ಮಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹೂಳೆತ್ತುವ ಮೊದಲು ಕೆರೆಯಲ್ಲಿ ಗೂಟ ನೆಟ್ಟು ಆಳ ಅಳೆಯುವುದು ಅವರ ಕೆಲಸ, ಅಳತೆಗೋಲು ಹಿಡಿಯುವುದು ಅಕ್ಕನ ಕೆಲಸ. ಬೇರೆ ಯಾರಾದರೂ ಆಗಿದ್ದರೆ ಕೆರೆ ನೋಡಿ ಹೆದರುತ್ತಿದ್ದರು. ಈ ಮನೆಯ ನಾವೆಲ್ಲ ನೀರನ್ನು ನೋಡುವುದಿಲ್ಲ, ನೀರಿನ ಲೆಕ್ಕ ನೋಡುತ್ತೇವೆ.

ಇರಲಿ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಕಾಗದ, ಸ್ಕೇಲು ತೆಗೆದುಕೊ.

ನಿನ್ನ ಲೆಕ್ಕದಲ್ಲಿ x ಎರಡಾದಾಗ y ಐದು, x ಆರಾದಾಗ y ಹದಿಮೂರು. x ಮೂರಾದಾಗ ಎಷ್ಟು ಎಂದು ಪ್ರಶ್ನೆ. ಎರಡು ಚುಕ್ಕಿ ಇಟ್ಟು ಅವನ್ನು ಒಂದು ಗೆರೆಯಿಂದ ಸೇರಿಸು. ಕೆಳಗಿನ ಚುಕ್ಕಿಯಿಂದ ಬಲಕ್ಕೆ ಅಡ್ಡಗೆರೆ ಎಳಿ, ಮೇಲಿನ ಚುಕ್ಕಿಯಿಂದ ಅದರ ಮೇಲೆ ಲಂಬ ಇಳಿಸು. ದೊಡ್ಡ ತ್ರಿಭುಜ ಸಿಕ್ಕಿತು. ಅದರ ಪಾದ ನಾಲ್ಕು, ಎತ್ತರ ಎಂಟು. ಈಗ ಓರೆಗೆರೆಯ ಮೇಲೆ x ಮೂರು ಇರುವ ಕಡೆಯಿಂದಲೂ ಒಂದು ಲಂಬ ಇಳಿಸು. ದೊಡ್ಡದರ ಮೂಲೆಯಲ್ಲೇ ಚಿಕ್ಕ ತ್ರಿಭುಜವೊಂದು ಕೂತಿರುತ್ತದೆ, ಅಕ್ಕನ ಹಳೆಯ ಲಂಗ ಹಾಕಿಕೊಂಡು ನೀನು ಅವಳ ಪಕ್ಕ ನಿಲ್ಲುತ್ತಿದ್ದ ಹಾಗೆ. ಎರಡಕ್ಕೂ ಆ ಮೂಲೆಯ ಕೋನ ಒಂದೇ, ಎರಡರಲ್ಲೂ ಒಂದು ಲಂಬಕೋನವಿದೆ. ಹಾಗಾಗಿ ಅವು ಸಮರೂಪ. ಚಿಕ್ಕದರ ಪಾದ ಒಂದು, ಅಂದರೆ ದೊಡ್ಡದರ ಕಾಲು ಭಾಗ. ಪಾದ ಕಾಲು ಭಾಗವಾದರೆ ಎತ್ತರವೂ ಕಾಲು ಭಾಗವಾಗಲೇಬೇಕು. ಎಂಟರ ಕಾಲು ಭಾಗ ಎರಡು. ಐದಕ್ಕೆ ಎರಡು ಸೇರಿಸು, ಏಳು.

ನಿನ್ನ ಸೂತ್ರ ಇಷ್ಟನ್ನೇ ಹೇಳುವುದು. ಅಕ್ಕನಿಗೂ ಹೀಗೆಯೇ ಹೇಳಿಕೊಟ್ಟಿದ್ದೆ. ಇದನ್ನು ತಿಳಿದವರು ಸೂತ್ರ ಮರೆತರೂ ಪರೀಕ್ಷೆಯಲ್ಲಿ ಕೈಚೆಲ್ಲಿ ಕೂರಬೇಕಿಲ್ಲ.

ಆದರೆ ನೀನು ಕಾಗದದ ಕೊನೆಗೆ, ನಡುವೆ ಗೆರೆ ನೇರವಾಗಿಯೇ ಇದೆ ಎಂದು ಹೇಗೆ ಗೊತ್ತು ಎಂದೂ ಕೇಳಿದ್ದೀಯ. ಗೊತ್ತಿಲ್ಲ ಮಗಳೇ. ನೇರ ಎಂದು ನಾವು ಒಪ್ಪಿಕೊಳ್ಳುತ್ತೇವೆ, ಅಷ್ಟೇ. ತ್ರಿಭುಜಗಳು ಆ ಗೆರೆಯ ಬಗ್ಗೆ ಮಾತ್ರ ನಿಜ ಹೇಳುತ್ತವೆ. ಗೆರೆಯ ಕೆಳಗೆ ಏನಿದೆ ಎಂಬುದು ಅವಕ್ಕೆ ತಿಳಿಯದು. ಮೊದಲ ಗೂಟದ ಹತ್ತಿರ ನೀರು ಮೊಣಕಾಲಿಗೆ, ಎರಡನೆಯದರ ಹತ್ತಿರ ಸೊಂಟಕ್ಕೆ. ನಡುವೆ ಯಾರೋ ಯಾವತ್ತೋ ಮಣ್ಣು ತೆಗೆದ ಗುಂಡಿ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ನಿಮ್ಮಪ್ಪ ಕೆಲಸಕ್ಕೆ ಹೋಗಿ ಬರುತ್ತಾರೆ. ಅವರಿಗೆ ಈಗ ಆಫೀಸಿನ ಒಳಗೇ ಕೆಲಸ ಕೊಟ್ಟಿದ್ದಾರೆ, ಕಿಟಕಿಯ ಪಕ್ಕದ ಮೇಜು. ಸಂಜೆ ಬಂದು ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಬೇರೆಯವರ ಮನೆಗೆ ಬಂದ ಹಾಗೆ. ಬಾಯಿಗೆ ಬೀಗ ಹಾಕಿಕೊಂಡವರ ಜೊತೆ ಎಷ್ಟು ಅಂತ ಮಾತಾಡಲಿ? ನಿನಗೆ ಸಿಟ್ಟಾದರೂ ಬಂತು. ನನಗೆ ಅವರ ಮೇಲೆ ಸಿಟ್ಟೂ ಬರುವುದಿಲ್ಲ, ಮರುಕವೂ ಬರುವುದಿಲ್ಲ. ನೀನು ಹೇಳಿದ್ದು ಸರಿಯೋ ತಪ್ಪೋ ಎಂದು ಅವರನ್ನು ಒಂದು ದಿನವೂ ಕೇಳಿಲ್ಲ. ಕೇಳಲು ಭಯ ಎಂದಲ್ಲ. ಕೇಳಬೇಕು ಅನ್ನಿಸಿರಲಿಲ್ಲ.

ಚೆನ್ನಾಗಿ ಓದು. ಹೊತ್ತಿಗೆ ಸರಿಯಾಗಿ ಊಟ ಮಾಡು. ದರ್ಜಿ ಆಂಟಿಗೆ ಅಳತೆ ಕಳಿಸುವುದನ್ನು ಮರೆಯಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ, ನೂರು ಕಾಲ ಬಾಳು.

ಇಂತಿ,
ನಿನ್ನ ಅಮ್ಮ

ಲಕೋಟೆ ಅಂಟಿಸುವ ಮೊದಲು: ಬರೆದದ್ದನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ, ತಪ್ಪಿದ್ದರೆ ತಿದ್ದಲಿ ಎಂದು. ತ್ರಿಭುಜದ ಭಾಗ ಬಂದಾಗ ಸಾಕು ನಿಲ್ಲಿಸು ಎಂದರು. ಯಾಕೆ ಎಂದು ಕೇಳಿದೆ. ಆಗ ಹೇಳಿದರು. ಅವತ್ತು ದೋಣಿಯಿಂದ ಎರಡನೇ ಗೂಟದ ಹತ್ತಿರ ಇಳಿದಿದ್ದ ಅಕ್ಕನಿಗೆ ಅವರು ದಡದಿಂದ, ಅಲ್ಲೇ ನಿಲ್ಲು, ದೋಣಿ ಕಳಿಸುತ್ತೇನೆ, ನಡುವೆಯೂ ಗೋಲು ಇಳಿಸಿ ನೋಡೋಣ ಎಂದು ಕೂಗಿದ್ದರಂತೆ. ಅಕ್ಕ ನಕ್ಕು ತಿರುಗಿ ಕೂಗಿದಳಂತೆ. "ದೋಣಿ ಯಾಕಪ್ಪಾ? ಅಮ್ಮನ ತ್ರಿಭುಜ ಇದೆಯಲ್ಲ. ನಡುವೆ ತೊಡೆಮಟ್ಟ ಅಷ್ಟೇ. ನಡ್ಕೊಂಡೇ ಬರ್ತೀನಿ."

ಈ ಮಾತು ನನ್ನ ಕಿವಿಗೆ ಬೀಳಬಾರದು ಎಂದು ಅವರು ನಿನ್ನ ಮಾತನ್ನೂ ನೆಂಟರ ನೋಟವನ್ನೂ ಇಷ್ಟು ದಿನ ನುಂಗಿಕೊಂಡು ಕೂತಿದ್ದರು. ಮಗುವಿಗೆ ತಿಳಿಸಬೇಡ ಎಂದಿದ್ದಾರೆ. ತಿಳಿಸುತ್ತಿದ್ದೇನೆ. ಅಳು ಬರುತ್ತದೆ ಎಂದು ಕಾದೆ, ಬರಲಿಲ್ಲ. ನಾಳೆ ಎರಡನೇ ಪಿರಿಯಡ್‌ನಲ್ಲಿ ನನ್ನ ತರಗತಿಗೂ ಇದೇ ಪಾಠವಿದೆ.

ಈ ಕಾಗದಕ್ಕೆ ನನಗೆ ಉತ್ತರ ಬರೆಯಬೇಡ. ಅಪ್ಪನಿಗೆ ಬರಿ.