ಸೋಮವಾರದ ಮಾತ್ರೆ

11-2-2003, ಮಂಗಳವಾರ, ಬೆಳಿಗ್ಗೆ

ರೊಟ್ಟಿ ತಿಂದೆ, ಮಾತ್ರೆ ನುಂಗಿದೆ. ಹೊಟ್ಟೆ ತೊಳಸುತ್ತಿದೆ. ನನಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗಿನಿಂದ ಅವ್ವ ತಿ. ನರಸೀಪುರದ ಮನೆಗೆ ಬೀಗ ಹಾಕಿ ನಂಜನಗೂಡಿನಲ್ಲೇ ನಮ್ಮ ಜೊತೆ ಇದ್ದಾಳೆ. ನಾನು ತಿನ್ನುವ ಒಂದೊಂದು ತುತ್ತಿಗೂ ಕಾವಲು.

ಮೈಸೂರಿನ ಡಾಕ್ಟರ್ ಚಿತ್ರ ಬರೆದು ತೋರಿಸಿದ್ದರು. ಕೈನೇಸ್ ಎಂಬ ಕಿಣ್ವವಂತೆ. ಎಲ್ಲರ ಮೈಯಲ್ಲೂ ಇರುತ್ತದೆ, ಜೀವಕೋಶಕ್ಕೆ ಬೆಳೆಯಲು ಹೇಳುತ್ತದೆ, ಆಮೇಲೆ ಸುಮ್ಮನಾಗುತ್ತದೆ. ನನ್ನ ರಕ್ತದಲ್ಲಿ ಕೆಟ್ಟು ಹುಟ್ಟಿಕೊಂಡದ್ದಕ್ಕೆ ಸುಮ್ಮನಾಗುವುದೇ ಗೊತ್ತಿಲ್ಲ. ಮಾತ್ರೆ ಅದರ ಬಾಯಿಗೆ ಬಿರಡೆ. "ದಿನಾ, ಊಟ ಆದ್ಮೇಲೆ. ಖಾಲಿ ಹೊಟ್ಟೇಲಿ ಬೇಡಮ್ಮ" ಎಂದಿದ್ದರು.

20-6-2003, ಶುಕ್ರವಾರ

ಬಿಳಿ ರಕ್ತಕಣದ ಕೌಂಟ್ ನಾರ್ಮಲ್! ನಮ್ಮ ಯಜಮಾನರು ಅಂಗಡಿಯಿಂದ ಬರುವಾಗಲೇ ಪೇಡ ತಂದರು. ನಾನು ಅತ್ತುಬಿಟ್ಟೆ, ನಕ್ಕೆ, ಮತ್ತೆ ಅತ್ತೆ.

ಅವ್ವ ಈಗ ಬಾಯಿ ಬಿಟ್ಟಳು. "ನಂಜುಂಡಪ್ಪಂಗೆ ಅರಕೆ ಒತ್ತಿದ್ದೆ ಕಣವ್ವ. ನೀ ಉಸಾರಾದ್ರೆ ಸೋಮ್ವಾರ ಸೋಮ್ವಾರ ನೀನು ಬಾಯ್ಗೆ ಒಂದಗುಳೂ ಆಕಲ್ಲ ಅಂತ."

ಹರಕೆ ಅವಳದು, ಹೊಟ್ಟೆ ನನ್ನದು. ಆದರೂ ಇಲ್ಲ ಎನ್ನಲು ಮನಸ್ಸು ಬರಲಿಲ್ಲ.

23-6-2003, ಸೋಮವಾರ

ಉಪವಾಸ. ಊಟವಿಲ್ಲ, ಆದ್ದರಿಂದ ಮಾತ್ರೆಯೂ ಇಲ್ಲ. ತೊಳಸಾಟವೂ ಇಲ್ಲ… ಹಾಯಾಗಿದೆ. ಮಗಳು ರಂಜನಿ ಯಾಕೆ ತಿನ್ನಲ್ಲ ಎಂದಳು. ಹೊಟ್ಟೆಗೆ ರಜ ಎಂದೆ.

12-3-2004, ಶುಕ್ರವಾರ

ಕೌಂಟ್ ಮತ್ತೆ ಏರಿದೆ.

ಮಾತ್ರೆ ತಪ್ಪಿಸಿದ್ದೀರಾ ಎಂದು ಡಾಕ್ಟರ್ ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೇ ಅನ್ನಿಸಲಿಲ್ಲ. ಅವ್ವ ಹೆಮ್ಮೆಯಿಂದ ಸೇರಿಸಿದಳು: "ಒಂದಿನಾನೂ ತಪ್ಸಿಲ್ಲ ಸಾ. ಸೋಮ್ವಾರ ಒಂದ್ ಬುಟ್ಟು. ಅವತ್ತು ಉಪಾಸ ಅಲ್ವಾ?"

ಅವರು ಪೆನ್ನು ಕೆಳಗಿಟ್ಟರು. "ಪ್ರತಿ ಸೋಮವಾರಾನಾ?"

ಬಿರಡೆ ತೆಗೆದ ದಿನಗಳಲ್ಲಿ ರೋಗ ಬೆಳೆದಿರಬಹುದಂತೆ. ಆ ಕೈನೇಸ್ ಮಾತ್ರೆಗೆ ಬಗ್ಗದ ಹಾಗೆ ರೂಪ ಬದಲಿಸಿಕೊಂಡಿರಲೂಬಹುದಂತೆ. ಡೋಸ್ ಹೆಚ್ಚಿಸಿದ್ದಾರೆ. ಕೇಳುತ್ತದೋ ಇಲ್ಲವೋ, ನೋಡೋಣ ಎಂದರು. ಬಸ್ಸಿನಲ್ಲಿ ಅವ್ವ ನನ್ನ ಕೈ ಬಿಡಲಿಲ್ಲ, ಮುಖವನ್ನೂ ನೋಡಲಿಲ್ಲ. ಭಯವಾಗುತ್ತಿದೆ. ಅವ್ವನ ಮೇಲೆ ಸಿಟ್ಟೂ ಬರುತ್ತಿದೆ, ಅದನ್ನು ಎಲ್ಲಿಡಲಿ?

15-3-2004, ಸೋಮವಾರ

ಏಳುವಷ್ಟರಲ್ಲಿ ಅವ್ವ ಉಪ್ಪಿಟ್ಟು ಮಾಡಿದ್ದಳು. ಪೂಜೆಗೂ ಮುಂಚೆ. ತಟ್ಟೆ ಇಟ್ಟಳು, ಪಕ್ಕದಲ್ಲಿ ಮಾತ್ರೆ. "ತಿನ್ನವ್ವ. ದೇವ್ರಿಗೆ ನಾ ಯೋಳ್ಕತೀನಿ." ತಾನು ಮಾತ್ರ ಶುಕ್ರವಾರದಿಂದ ಏನೂ ಮುಟ್ಟಿಲ್ಲ.

ತಿಂದೆ. ನುಂಗಿದೆ.

ರಂಜನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಮ್ಮ, ಸೋಮ್ವಾರ ಅಲ್ವಾ? ಹೊಟ್ಟೆಗೆ ರಜ ಇಲ್ವಾ?"

ರಜ ಎಲ್ಲಾ ಮುಗೀತು ಮಗಳೇ ಎನ್ನಲು ಹೋದೆ, ಅಷ್ಟರಲ್ಲಿ ಒಳಗಿನಿಂದ ಅವ್ವನೇ ಕೂಗಿ ಹೇಳಿದಳು: "ನಿಮ್ಮವ್ವನ್ ರಜ ಮುಗೀತು ಕಣವ್ವ, ಇನ್ಮೇಲೆ ರಜ ನನ್ನೊಟ್ಟೇಗೆ."