ನಡುಹಗಲಿನ ನೆರಳು

ಮನೆಯಿಂದ,
೨೧ ಜನವರಿ, ಮಂಗಳವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ನೆಗಡಿ ಬಿಟ್ಟಿತಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ನಾಲ್ಕು ಬಿಸ್ಕತ್ತು ತಿಂದು ಊಟವಾಯಿತು ಅನ್ನುತ್ತೀಯೋ? ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದ ಹಾಗೇ ಇದೆ, ಕಣ್ಣು ಮಾತ್ರ ಚುರುಕಾಗಿದೆ. ಎಷ್ಟು ಚುರುಕು ಎಂದು ತಿಳಿಸಲೆಂದೇ ಬರೆಯಲು ಕೂತಿದ್ದೇನೆ.

ನೀನು ಫೋನಿಗೆ ಕಳಿಸಿದ ಫೋಟೋವನ್ನು ಮೂಲೆಯಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಮಗಳ ಮುಖ ನೋಡಿಕೊಂಡಿರೋಣ ಎಂಬ ಆಸೆಗೇ ಹಾಕಿಸಿದ್ದು, ಬೇರೆ ಉದ್ದೇಶವಿರಲಿಲ್ಲ. "ಅಮ್ಮಾ, ಮಧ್ಯಾಹ್ನ ಹನ್ನೆರಡಕ್ಕೆ ತೆಗೆದಿದ್ದು, ಇಲ್ಲಿ ಬಿಸಿಲಿಗೆ ತಲೆ ಸಿಡೀತಿದೆ" ಎಂದು ಬರೆದಿದ್ದೆ. ಭೂಮಧ್ಯರೇಖೆಯ ಪಕ್ಕದ ಬಯಲಿನಲ್ಲಿ ನನ್ನ ಮಗಳು ಸೋಲಾರ್ ಪ್ಲಾಂಟ್ ಎಬ್ಬಿಸುತ್ತಿದ್ದಾಳೆ ಎಂದು ನಾನು ಎದುರುಮನೆಯವರ ಮುಂದೆಲ್ಲ ಕೊಚ್ಚಿಕೊಂಡಿದ್ದೆ. ಆ ಬಯಲಿನಲ್ಲಿ ನಡುಹಗಲಿಗೆ ನೆರಳು ಕಾಲ ಬುಡದಲ್ಲಿ ಮುದುರಿಕೊಂಡಿರಬೇಕು ಕಣೇ. ಫೋಟೋದಲ್ಲಿ ನೀನು ನಿಂತಿರುವುದು ಯಾವುದೋ ಟೆರೇಸಿನ ಮೇಲೆ, ನಿನ್ನ ನೆರಳು ಅದರ ಗೋಡೆಯವರೆಗೆ ಉದ್ದಕ್ಕೆ ಬಿದ್ದಿದೆ. ಜೀವಮಾನವೆಲ್ಲ ಬಿಸಿಲಿನ ಲೆಕ್ಕ ಹಾಕಿದವಳಿಗೆ ಬಿಸಿಲಿನಲ್ಲೇ ಸುಳ್ಳು ಹೇಳುತ್ತೀಯಲ್ಲ, ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗಾಯಿತು.

ಮೊದಲು ಕೆಲಸ ಹೋಯಿತೇನೋ ಅಂದುಕೊಂಡೆ. ಆಮೇಲೆ ಯಾರನ್ನೋ ಮೆಚ್ಚಿಕೊಂಡು ಅವನ ಊರಿಗೆ ಹೋಗಿರಬಹುದು ಅನ್ನಿಸಿತು. ಹಾಗಿದ್ದರೆ ನನ್ನದೇನೂ ತಕರಾರಿಲ್ಲ, ಅವನು ಇಂಜಿನಿಯರ್ ಆಗಿಲ್ಲದಿದ್ದರೆ ಸಾಕು. ನಿನ್ನ ಆಫೀಸಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗಿ "ಮೇಡಂ ರಜೆಯಲ್ಲಿದ್ದಾರಲ್ಲ, ನಿಮಗೆ ಗೊತ್ತಿಲ್ವಾ?" ಎಂದು ನನ್ನನ್ನೇ ಕೇಳಿದಳು. ನಿನ್ನ ಅಣ್ಣನಿಗೆ ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ "ಅವಳು ಸೈಟಲ್ಲೇ ಇದ್ದಾಳಮ್ಮ, ನಿನಗೆ ಯಾವಾಗ್ಲೂ ಬರೀ ಅನುಮಾನ" ಅಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಣ್ಣ ತಂಗಿ ಸೇರಿ ಏನೋ ಮುಚ್ಚಿಡುತ್ತಿದ್ದೀರಿ ಎಂಬುದು ಅಲ್ಲಿಗೆ ಖಾತ್ರಿಯಾಯಿತು.

ಆಮೇಲೆ ಕೋನಮಾಪಕ ತೆಗೆದುಕೊಂಡು ಕೂತೆ. ನೆರಳು ಪ್ಯಾನೆಲ್‌ಗಳ ಬೆನ್ನಿನ ದಿಕ್ಕಿಗೇ ನೇರವಾಗಿ ಬಿದ್ದಿದೆ, ಅಂದರೆ ಹೊತ್ತಿನ ವಿಷಯದಲ್ಲಿ ನೀನು ಸುಳ್ಳು ಹೇಳಿಲ್ಲ. ಜನವರಿಯ ನಡುಹಗಲಿನಲ್ಲಿ ನೆರಳು ಅಷ್ಟು ಉದ್ದ ಬೀಳಬೇಕಾದರೆ ಅದು ಉತ್ತರದ ಚಳಿಯೂರೇ ಆಗಬೇಕು. ಆ ಕಡೆ ನಮಗೆ ಗೊತ್ತಿರುವವರು ಎಷ್ಟು ಜನ? ನಿನ್ನ ಬೆನ್ನ ಹಿಂದಿನ ನಾಲ್ಕು ಪ್ಯಾನೆಲ್‌ಗಳನ್ನು ಅಳೆದೆ. ಆ ಊರಿಗೆ ಎಷ್ಟು ಓರೆ ಬೇಕೋ ಅದಕ್ಕಿಂತ ಹದಿನೈದು ಡಿಗ್ರಿ ಹೆಚ್ಚು ಕಡಿದಾಗಿ ಎದ್ದು ನಿಂತಿವೆ. ನೆರಳು ಊರನ್ನು ಹೇಳಿತು, ಓರೆ ಮನುಷ್ಯನನ್ನು ಹೇಳಿತು. ಹಾಗೆ ನಿಲ್ಲಿಸುವ ಹಟಮಾರಿ ಈ ಲೋಕದಲ್ಲಿ ಒಬ್ಬರೇ. ನೀನು ನಿಮ್ಮಪ್ಪನ ಮನೆಯಲ್ಲಿದ್ದೀಯ.

ನಮ್ಮ ಕಥೆ ನಿನಗೆ ಗೊತ್ತು. ಈಗ ಆ ಕಡೆಯ ಪಾಠವೂ ಆಗಿರಬಹುದು, ಅದಕ್ಕೇ ನನ್ನದನ್ನೂ ಬರೆಯುತ್ತೇನೆ. ನಾವಿಬ್ಬರೂ ಕೆಲಸಕ್ಕೆ ಸೇರಿದಾಗ ಸೋಲಾರ್ ಕಾರ್ಖಾನೆ ಅಂದರೆ ಒಂದು ತಗಡಿನ ಶೆಡ್ಡು. ನನ್ನದು ಸೆಲ್ಲುಗಳನ್ನು ಬೆಸೆದು ಪ್ಯಾನೆಲ್ ಮಾಡುವ ವಿಭಾಗ, ಅವರದು ಅದನ್ನು ನಿಲ್ಲಿಸುವ ಸ್ಟ್ಯಾಂಡು. ಸೆಲ್ಲುಗಳೋ, ಜೋರಾಗಿ ಸೀನಿದರೆ ಬಿರುಕು ಬಿಡುತ್ತಿದ್ದವು. ಬ್ಯಾಂಕಿನವರು "ಬಿಸಿಲು ಪುಕ್ಕಟೆ ಸಿಗುತ್ತಲ್ರೀ, ಅದಕ್ಕೂ ಕಾರ್ಖಾನೆನಾ?" ಎಂದು ನಗುತ್ತಿದ್ದರು. ನಾವೂ ಒಂದೇ ಬೆಂಚಿನ ಮೇಲೆ ಕೂತು ನಗುತ್ತಿದ್ದೆವು, ನಗುತ್ತಲೇ ಮದುವೆಯನ್ನೂ ಆದೆವು. ಆಸ್ಪತ್ರೆಗಳ ಛಾವಣಿಗೆ ಪ್ಯಾನೆಲ್ ಹಾಕುವ ಮೊದಲ ದೊಡ್ಡ ಕೆಲಸ ಬಂದಾಗ ಜಗಳ ಶುರುವಾಯಿತು. ವರ್ಷವಿಡೀ ಒಟ್ಟು ಹೆಚ್ಚು ಕರೆಂಟು ಬರುವಂತೆ ನಿಲ್ಲಿಸೋಣ ಎಂಬುದು ನನ್ನ ವಾದ. "ಬೇಸಿಗೇಲಿ ಯಾರಿಗಿದೆ ಕೊರತೆ? ಚಳಿಗಾಲದಲ್ಲಿ ಹೆರಿಗೆ ಕೋಣೆ ಕತ್ತಲಾಗಬಾರದು. ಆಗ ಸೂರ್ಯ ತಗ್ಗಿನಲ್ಲಿರ್ತಾನೆ. ಇನ್ನೂ ಎತ್ತಿ ನಿಲ್ಲಿಸು" ಎಂಬುದು ಅವರದು. ಕಂಪನಿ ನನ್ನ ಕೋನವನ್ನು ಒಪ್ಪಿತು. ಅವರು ಮೊದಲು ಕಂಪನಿ ಬಿಟ್ಟರು, ಆಮೇಲೆ ಊಟದ ಮೇಜಿನಲ್ಲೂ ಅದೇ ಮಾತಾಗಿ ಮನೆಯನ್ನೂ ಬಿಟ್ಟರು. ನಾನು ವಿಭಾಗದ ಮುಖ್ಯಸ್ಥೆಯಾದೆ. ಅವರು ಆ ಚಳಿಯೂರಿನಲ್ಲಿ ಹುಡುಗರಿಗೆ ಪಾಠ ಹೇಳಿಕೊಂಡು ಉಳಿದರು.

ಈಗ ನೇರವಾಗಿ ಕೇಳುತ್ತೇನೆ. ರಜೆ ಹಾಕಿ, ನನಗೆ ಸುಳ್ಳು ಹೇಳಿ ಅಲ್ಲಿಗೆ ಹೋಗುವಂಥದ್ದು ಏನಿತ್ತು? ಅಪ್ಪ ಮಗಳು ಸೇರಿ ಹೊಸ ಕಂಪನಿ ಕಟ್ಟುತ್ತಿದ್ದೀರಾ? ಅಮ್ಮನ ಲೆಕ್ಕವೇ ತಪ್ಪು ಎಂದು ನಿನ್ನ ಕಿವಿಯಲ್ಲಿ ಊದಿದ್ದಾರಾ? ನೀನು ಅಲ್ಲಿಗೆ ಹೋಗಬಾರದೆಂದು ನಾನು ಯಾವತ್ತೂ ಹೇಳಿದವಳಲ್ಲ. ಹೋಗಿ ಅಲ್ಲೇ ಉಳಿದುಬಿಟ್ಟೀಯ ಎಂಬ ಹೆದರಿಕೆ ನನಗೆ. ನೀನೂ ಹೋದರೆ ಈ ಮನೆಯಲ್ಲಿ ನಾನು ಜಗಳವಾಡುವುದಾದರೂ ಯಾರ ಹತ್ತಿರ?

ಈ ಪತ್ರವನ್ನು ಸೈಟಿಗಲ್ಲ, ನೇರವಾಗಿ ಅವರ ಮನೆಯ ವಿಳಾಸಕ್ಕೇ ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಬೇರೆಯವರ ಪತ್ರ ಒಡೆಯುವ ಚಾಳಿ ಅವರಿಗಿಲ್ಲ, ಅದು ನನ್ನದು. ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಎಲ್ಲಿದ್ದರೂ ನೂರು ಕಾಲ ಸುಖವಾಗಿರು, ಸುಳ್ಳು ಹೇಳುವುದನ್ನು ಮಾತ್ರ ಬಿಡು.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಭೂತಗನ್ನಡಿ ಹಿಡಿದು ಫೋಟೋವನ್ನು ಇನ್ನೊಮ್ಮೆ ನೋಡಿದೆ. ನಾಲ್ಕೂ ಪ್ಯಾನೆಲ್ ಮೇಲೆ ಹಕ್ಕಿ ಹಿಕ್ಕೆ, ಒಣಗಿದ ಎಲೆ, ಬೆರಳು ಮುಳುಗುವಷ್ಟು ಧೂಳು. ಜ್ವರ ಬಂದು ಮೈ ಸುಡುತ್ತಿದ್ದಾಗಲೂ ಮೇಲೆ ಹತ್ತಿ ಪ್ಯಾನೆಲ್ ಒರೆಸಿ ಬರುತ್ತಿದ್ದ ಮನುಷ್ಯ ಅವರು. ಏನಾಗಿದೆ ಅವರಿಗೆ? ಇದನ್ನೇ ಅಲ್ಲವೇ ನೀವಿಬ್ಬರೂ ನನ್ನಿಂದ ಮುಚ್ಚಿಟ್ಟಿದ್ದು? ಶುಕ್ರವಾರದ ರೈಲಿಗೆ ಹೊರಡುತ್ತೇನೆ, ಸ್ಟೇಷನ್ನಿಗೆ ಬಾ. ಅವರಿಗೆ ಹೇಳಬೇಡ, ಹೇಳಿದರೆ ನಾನು ಬರುವಷ್ಟರಲ್ಲಿ ಎಲ್ಲ ಒರೆಸಿ ಚೊಕ್ಕಟ ಮಾಡಿಡಲು ಹೊರಡುತ್ತಾರೆ. ಏಣಿಯನ್ನು ಅವರ ಕೈಗೆ ಸಿಗದ ಹಾಗೆ ಇಡು.