ಮೂಲೆ ಹರಿದ ಕಾರ್ಡು

ಕಿತ್ತೂರು
೧೮ ಜುಲೈ ೧೯೯೯, ರವಿವಾರ

ಚಿರಂಜೀವಿ ತಂಗಿ ಶೀತಲಳಿಗೆ,

ಅಕ್ಕ ವಿಜಯಾಳ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ. ಎಷ್ಟು ಕ್ಷೇಮ ಎಂಬುದು ಓದುತ್ತ ಹೋದರೆ ನಿನಗೇ ತಿಳಿಯುತ್ತದೆ. ತಡವಾಯಿತೆಂದು ಸಿಟ್ಟಾಗಬೇಡ. ನೀನು ಪುಣೆಗೆ ಹೋಗಿ ಹನ್ನೊಂದು ತಿಂಗಳಾಯಿತು. ನರ್ಸಿಂಗ್ ಕಾಲೇಜಿನದೆಂದು ಕೊಟ್ಟ ಆ ವಿಳಾಸಕ್ಕೆ ಎರಡು ಕಾಗದ ಹಾಕಿದೆ. ಉತ್ತರ ಬರಲಿಲ್ಲ, ಕಾಗದ ತಿರುಗಿಯೂ ಬರಲಿಲ್ಲ. ಇದನ್ನು ಟಪಾಲಿಗೆ ಹಾಕುವುದಿಲ್ಲ. ನಮ್ಮ ಖಾನಾವಳಿಗೆ ಊಟಕ್ಕೆ ಬರುವ ಲಾರಿ ಡ್ರೈವರ್ ಮಹಾಂತಪ್ಪ ಕಾಕಾ ತರುತ್ತಾರೆ. ನಿನ್ನ ಕೈಗಲ್ಲದೆ ಬೇರೆ ಯಾರ ಕೈಗೂ ಕೊಡಬೇಡಿ ಎಂದು ಹೇಳಿದ್ದೇನೆ.

ಮೊದಲು ಮನೆಯ ಸುದ್ದಿ. ನಿನ್ನವ್ವ ಈಗ ನಮ್ಮಲ್ಲೇ ಇದ್ದಾಳೆ. ಕಾರಹುಣ್ಣಿಮೆ ಮುಗಿಸಿ, ಸಿರಸಂಗಿಯ ಮನೆಗೆ ಕೀಲಿ ಹಾಕಿಕೊಂಡು ಬಂದಳು. ನಾನು ಕಾಲೇಜಿಗೆ ಹೋದರೆ ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವವರು ಯಾರು ಎಂದು ಅವ್ವನೇ ತನ್ನ ತಂಗಿಯನ್ನು ಕರೆಸಿಕೊಂಡಳು. ಇಂದ್ರವ್ವ ಚಿಗವ್ವನ ರೊಟ್ಟಿ ಎಷ್ಟು ತೆಳು ಎಂದು ನಿನಗೆ ಹೇಳಬೇಕೇ? ನನ್ನ ರೊಟ್ಟಿಗೆ ಡ್ರೈವರುಗಳು ಟಾಯರ್ ಎಂದು ಹೆಸರಿಟ್ಟಿದ್ದಾರೆ. ಅಪ್ಪನಿಗೆ ಲಕ್ವ ಹೊಡೆದು ಮೂರು ವರ್ಷವಾಯಿತು. ಎಡಗೈ ಬರಲೇ ಇಲ್ಲ. ಮಾತು ಅರ್ಧ ಬಂದಿದೆ, ಬೈಗುಳ ಮಾತ್ರ ಪೂರ್ತಿ ಬಂದಿದೆ. ಖಾನಾವಳಿಯಿಂದಲೇ ಅವನ ಔಷಧ, ನಮ್ಮ ಊಟ, ಬಾಡಿಗೆ ಎಲ್ಲ ನಡೆಯಬೇಕು.

ಪಿಯುಸಿ ಎರಡನೇ ವರ್ಷದ ಇಂಗ್ಲಿಷಿನಲ್ಲಿ ನಾವಿಬ್ಬರೂ ಕೂಡಿಯೇ ನಪಾಸಾಗಿದ್ದೆವಲ್ಲ. ಈ ವರ್ಷ ಮತ್ತೆ ಕಟ್ಟಿ ಪಾಸಾದೆ. ಒಟ್ಟು ಶೇಕಡಾ ನಲವತ್ತೇಳು. ಒಲೆಯ ಮುಂದೆ ಪುಸ್ತಕ ಹಿಡಿದು ಓದಿದವಳಿಗೆ ಇಷ್ಟು ಬಂದದ್ದೇ ದೊಡ್ಡದು ಎಂದು ಅವ್ವ ಸಕ್ಕರೆ ಹಂಚಿದಳು. ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದೆ. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರೂ ನನ್ನ ಹೆಸರು ಇರಲಿಲ್ಲ. ಅಲ್ಲಿಂದ ಬೈಲಹೊಂಗಲಕ್ಕೆ ಹೋಗಿ ಬಿ.ಎ. ಅರ್ಜಿ ತಂದೆ. ಗುಮಾಸ್ತರು ಕನ್ನಡಕ ಏರಿಸಿ ನೋಡಿ, “ನಲವತ್ತೇಳಾ? ಬಿ.ಎ.ಗೆ ಧಾರಾಳ ಆತವ್ವಾ. ಆದ್ರ ಝೆರಾಕ್ಸ್ ನಡಿಯೂದಿಲ್ಲ, ಅಸಲ ಅಂಕಪಟ್ಟಿ ತಗೊಂಡು ಬಾ. ಇಪ್ಪತ್ನಾಲ್ಕನೇ ತಾರೀಖ ಕಡೀ ದಿನ,” ಎಂದರು. ಹನ್ನೊಂದು ಗಂಟೆಗೆ ತರಗತಿ. ಅಷ್ಟರೊಳಗೆ ಬೆಳಗಿನ ರೊಟ್ಟಿ ಮುಗಿಸಿ ಬಸ್ ಹಿಡಿಯಬಹುದು, ತಿರುಗಿ ಬಂದು ಸಂಜೆಯ ಹಿಟ್ಟು ನಾದಬಹುದು. ದಾರಿಯುದ್ದಕ್ಕೂ ಇದನ್ನೇ ಲೆಕ್ಕ ಹಾಕುತ್ತ ಬಂದೆ, ಎಷ್ಟು ಖುಷಿಯಾಗಿತ್ತು ಗೊತ್ತೇ.

ಆದರೆ ಅಸಲು ಅಂಕಪಟ್ಟಿ ನನ್ನ ಹತ್ತಿರ ಇಲ್ಲ. ಅದು ಸುಭಾಸನ ಹತ್ತಿರ ಇದೆ.

ನಿನ್ನನ್ನು ಕರೆದುಕೊಂಡು ಹೋದ ಸುಭಾಸ ಈಗಲೂ ತಿಂಗಳಿಗೆ ಎರಡು ಸಲ ಬರುತ್ತಾನೆ. ಅದೇ ಹಣೆತುಂಬ ವಿಭೂತಿ. ತಾಟಿಗೆ ಕೈಮುಗಿದು ಉಣ್ಣುತ್ತಾನೆ, ಒಂದು ಅಗುಳೂ ಬಿಡುವುದಿಲ್ಲ. ಪಟ್ಟಿಯಲ್ಲಿ ನನ್ನ ಹೆಸರಿಲ್ಲ ಎಂದು ಕೇಳಿದ ದಿನವೇ ಅವ್ವನಿಗೆ, “ಮಾರ್ಕ್ಸ್ ಯಾರ ಕೇಳತಾರ ಅತ್ತಿ? ನರ್ಸಿಂಗಿಗೆ ಮನಸ್ಸು ಇದ್ರ ಸಾಕು. ಕಲಿಯೂ ಮುಂದನ ಪಗಾರ ಕೊಡತಾರ, ಮನಿಗೆ ಕಳಸ್ತಾಳ,” ಎಂದ. ಸೀಟಿಗೆಂದು ಒಂದು ರೂಪಾಯಿಯನ್ನೂ ಕೇಳಲಿಲ್ಲ. ಅವ್ವ ಅದಕ್ಕೇ ಸೋತಳು. ಅಪ್ಪ ಅನುಮಾನಪಟ್ಟಾಗ, “ಎರಡು ವರ್ಷ ನಮ್ಮ ಮನಿ ರೊಟ್ಟಿ ಉಂಡಾವ, ಉಂಡ ಮನಿಗೆ ಎರಡು ಬಗಿತಾನೇನ?” ಎಂದು ಬಾಯಿ ಮುಚ್ಚಿಸಿದಳು. ಖಾನಾವಳಿಯವರ ಬುದ್ಧಿಯೇ ಇಷ್ಟು ಕಾಣಿಸುತ್ತದೆ. ಕೈತುತ್ತು ತಿಂದವನು ಕೆಟ್ಟವನಿರಲಾರ ಎಂದು ನಂಬುತ್ತೇವೆ, ತಿಂದವನು ಹಸಿದವನು ಅಷ್ಟೇ ಎಂದು ಹೊಳೆಯುವುದಿಲ್ಲ.

ನಾನೂ ಒಪ್ಪಿ, ಬಿ.ಎ. ಬಿಟ್ಟು, ಅಂಕಪಟ್ಟಿ ಅವನ ಕೈಗೆ ಕೊಟ್ಟೆ. ಒಪ್ಪಲು ಕಾರಣ ನಿನ್ನ ಕಾರ್ಡು.

ಶಿವರಾತ್ರಿಯ ನಂತರ ಬಂದ ಆ ಕಾರ್ಡನ್ನು ನಿನ್ನವ್ವ ಆಗಲೇ ಸಿರಸಂಗಿಯಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು, ನಾನೇ ಓದಿ ಹೇಳಿದೆ. ನಾಲ್ಕೇ ಸಾಲು. ನಾನು ಆರಾಮ ಇದ್ದೇನೆ. ಕಾಲೇಜು ಚೆನ್ನಾಗಿದೆ. ಊಟ ಚೆನ್ನಾಗಿದೆ. ವಿಜಯಕ್ಕನನ್ನೂ ಕಳಿಸಿರಿ. ಅಕ್ಷರ ನಿನ್ನದೇ. ಆದರೆ ಬಲಗಡೆಯ ಕೆಳಮೂಲೆ ಹರಿದಿತ್ತು. ಲಗ್ನದ ಕಾಗದದ ಮೂಲೆಗೆ ಅರಿಷಿಣ ಹಚ್ಚುವುದು, ಸಾವಿನ ಕಾಗದದ ಮೂಲೆ ಹರಿಯುವುದು ನಮ್ಮ ಹಿರಿಯರು ಮಾಡಿಕೊಂಡ ಪದ್ಧತಿ. ಓದು ಬಾರದವರು ಕಾಗದ ಹಿಡಿದ ಕೂಡಲೇ ಎದೆ ಗಟ್ಟಿ ಮಾಡಿಕೊಳ್ಳಲೆಂದು. ನಿನ್ನವ್ವ ಕೇಳಿಯೇ ಕೇಳಿದಳು, “ಇದ್ಯಾಕ ಮೂಲಿ ಹರದೈತಿ ವಿಜಯಾ?”

“ಟಪಾಲಿನ ಚೀಲದಾಗ ಸಿಕ್ಕೊಂಡು ಹರದಿರಬೇಕು ಬಿಡ ಚಿಗವ್ವ,” ಎಂದೆ.

“ಹುಡುಗಿ ಆರಾಮ ಅದೇನಿ ಅಂತ ಬರದಾಳ, ನೀ ಮೂಲಿ ಹಿಡಕೊಂಡು ಕುಂತಿ,” ಎಂದು ಅವ್ವನೂ ನಕ್ಕಳು. ನಿನ್ನವ್ವ ನಗಲಿಲ್ಲ.

ಕಳೆದ ಗುರುವಾರ ಮಹಾಂತಪ್ಪ ಕಾಕಾ ಪುಣೆಗೆ ಹೊರಟಿದ್ದರು. ನಿನಗೊಂದು ರೊಟ್ಟಿಯ ಗಂಟು, ಶೇಂಗಾ ಚಟ್ನಿ ಮುಟ್ಟಿಸಿ ಎಂದು ವಿಳಾಸದ ಚೀಟಿ ಕೊಟ್ಟೆ. ಓದಿದರು. ಉಣ್ಣುವುದನ್ನು ನಿಲ್ಲಿಸಿ, ತಾಟಿನಲ್ಲಿ ಅನ್ನ ಇರುವಾಗಲೇ ಎದ್ದು ಕೈತೊಳೆದರು. ಹಿತ್ತಲಿಗೆ ಕರೆದು ಮೆಲ್ಲಗೆ, “ಈ ವಿಳಾಸ ಯಾರ ಕೊಟ್ರು ವಿಜಯವ್ವಾ?” ಎಂದರು. ಹೇಳಿದೆ. ಅವರು ನನ್ನ ಮುಖ ನೋಡದೆ, “ಆ ಓಣಿ ನನಗ ಗೊತ್ತೈತಿ. ಡ್ರೈವರ್ ಮಂದಿಗೆಲ್ಲಾ ಗೊತ್ತೈತಿ. ಅಲ್ಲಿ ಕಾಲೇಜ ಇಲ್ಲವ್ವಾ,” ಎಂದರು.

ಆಮೇಲೆ ಟ್ರಂಕಿನಿಂದ ಆ ಕಾರ್ಡು ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಚೀಲದಲ್ಲಿ ಸಿಕ್ಕ ಕಾಗದ ಅಡ್ಡಾದಿಡ್ಡಿ ಹರಿಯುತ್ತದೆ. ಇದು ಮೊದಲು ಮಡಚಿ, ಉಗುರಿನಿಂದ ಗೆರೆ ಎಳೆದು, ನೆಟ್ಟಗೆ ಹರಿದದ್ದು. ಯಾರೋ ಹತ್ತಿರ ನಿಂತು ಒಂದೊಂದು ಮಾತನ್ನೂ ಹೇಳಿ ಬರೆಸಿದ್ದಾರೆ, ಅವರ ಕಣ್ಣೆದುರೇ ನೀನು ಇದೊಂದನ್ನು ಮಾಡಿದ್ದೀ. ನಿನ್ನ ಧೈರ್ಯಕ್ಕೆ ಏನು ಹೇಳಲಿ ತಂಗಿ? ಐದು ತಿಂಗಳು ನೀನು ಕೂಗುತ್ತಲೇ ಇದ್ದೆ, ನಾವು ಇಲ್ಲಿ ಉಪ್ಪಿನಕಾಯಿ ಹಾಕುತ್ತ ಕುಳಿತಿದ್ದೆವು.

ಫೌಜದಾರರ ಹತ್ತಿರ ಹೋಗೋಣ ಎಂದೆ. ಕಾಕಾ ತಡೆದರು. “ಮೊದಲ ಹುಡುಗಿ ಸಿಗಲಿ. ಈಗ ಗುಲ್ಲು ಮಾಡಿದ್ರ ಸುಭಾಸ ಫೋನ್ ಮಾಡತಾನ, ಅವರು ಅಕಿನ್ನ ಬ್ಯಾರೆ ಕಡೆ ಸಾಗಸ್ತಾರ,” ಎಂದರು. ಪುಣೆಯಲ್ಲಿ ಇಂಥ ಹುಡುಗಿಯರನ್ನು ಬಿಡಿಸುವ ಹೆಂಗಸೊಬ್ಬರು ಇದ್ದಾರಂತೆ. ಕಾಕಾ ಆ ಸಲವೇ ಅವರನ್ನು ಕಂಡು ಬಂದಿದ್ದಾರೆ. ನಾಳೆ ನಸುಕಿನಲ್ಲಿ ಮತ್ತೆ ಹೊರಡುತ್ತಾರೆ, ರಾತ್ರಿ ಒಬ್ಬರೇ ಬಂದು ಈ ಕಾಗದ ನಿನ್ನ ಕೈಗೆ ಕೊಟ್ಟು ಹೋಗುತ್ತಾರೆ, ಮಂಗಳವಾರ ಅವರಿಬ್ಬರೂ ಕೂಡಿ ನಿನ್ನ ಬಾಗಿಲಿಗೆ ಬರುತ್ತಾರೆ. ಕಾಕಾನನ್ನು ಗುರುತು ಹಿಡಿದಂತೆ ಮಾಡಬೇಡ. ಬಾ ಎಂದ ಕೂಡಲೇ ಉಟ್ಟ ಬಟ್ಟೆಯಲ್ಲೇ ಬಾ, ಏನನ್ನೂ ತೆಗೆದುಕೊಳ್ಳಬೇಡ.

ಸುಭಾಸ ನನ್ನನ್ನು ಕರೆದೊಯ್ಯಲು ಬರುವುದೂ ನಾಳೆಯೇ. ಈ ಸಲ ಬಸ್ಸು ಬೇಡ, ಜೀಪು ತರುತ್ತೇನೆ ಎಂದಿದ್ದಾನೆ. ಸಿರಸಂಗಿಯ ಇನ್ನೂ ಇಬ್ಬರು ಹುಡುಗಿಯರ ಹೆಸರು ಕೇಳಿದ್ದಾನೆ. ಮಂಗಳವಾರದವರೆಗೆ ಅವನಿಗೆ ಸಂಶಯ ಬರಬಾರದು. ಹಾಗಾಗಿ ನಾಳೆ ನಾನೇ ಅವನಿಗೆ ಬಿಸಿ ರೊಟ್ಟಿ ಬಡಿಸಬೇಕು, ಎಣ್ಣೆಗಾಯಿ ಇನ್ನೊಂದು ಹಾಕಲೇ ಎಂದು ಕೇಳಬೇಕು. ಆಷಾಢದಲ್ಲಿ ಮನೆ ಬಿಡುವುದು ಬೇಡ, ಶ್ರಾವಣ ಬರಲಿ ಎಂದು ಅಪ್ಪ ಹಟ ಹಿಡಿಯುತ್ತಾನೆ. ಅಪ್ಪನೊಬ್ಬನಿಗೆ ಹೇಳಿದ್ದೇನೆ. ಅವನು ಕೇಳಿ ತಾಸುಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವ್ವನಿಗೆ ಹೇಳಿದರೆ ಮುಖದಲ್ಲೇ ತಿಳಿದುಬಿಡುತ್ತದೆ. ನಿನ್ನವ್ವನಿಗೆ ಹೇಳುವ ಶಕ್ತಿ ನನಗಿಲ್ಲ. ಸುಭಾಸ ಬರುತ್ತಾನೆ, ಮಗಳ ಸುದ್ದಿ ತರುತ್ತಾನೆ ಎಂದು ಅವಳು ಇವತ್ತು ಎಳ್ಳು ಹುರಿದು ಹೋಳಿಗೆ ಮಾಡಿದ್ದಾಳೆ. ಮೊದಲನೆಯದು ಅವನಿಗಂತೆ.

ಬಿ.ಎ. ಅರ್ಜಿಯನ್ನು ತುಂಬಿಟ್ಟಿದ್ದೇನೆ. ಅಂಕಪಟ್ಟಿ ಸಿಗದಿದ್ದರೆ ಈ ವರ್ಷ ಹೋಗಲಿ ಬಿಡು, ಅದು ಮತ್ತೆ ತೆಗೆಸಿದರೆ ಸಿಗುವ ಕಾಗದ. ನೀನು ಬಂದರೆ ಸಾಕು. ಸಿರಸಂಗಿಯ ದೇವಿ ನಿನ್ನ ಬೆನ್ನಿಗಿರಲಿ, ಬಾಗಿಲು ದಾಟುವಾಗ ನಿನ್ನ ಕಾಲು ನಡುಗದಿರಲಿ.

ನಿನ್ನ ಅಕ್ಕ,
ವಿಜಯಾ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಕಳೆದ ವರ್ಷ ಸುಭಾಸ ಮೊದಲು ಕೇಳಿದ್ದು ನನ್ನನ್ನು. ಅರ್ಜಿಗೆ ನಿಂತ ಫೋಟೋ ಬೇಕು ಎಂದ, ಕೊಟ್ಟೆ. ಅದನ್ನು ಅವನು ನೋಡಿದ ರೀತಿಗೆ ನನಗೆ ಅಂದೇ ಹೆದರಿಕೆಯಾಯಿತು. ಯಾರಿಗೂ ಹೇಳಲಿಲ್ಲ. ಅಪ್ಪನನ್ನು ಬಿಟ್ಟು ಬರಲಾರೆ ಎಂದೆ. ಹಾಗಾದರೆ ಬೇರೆ ಯಾರಾದರೂ ಇದ್ದರೆ ಹೇಳು ಎಂದ. ನಾನು ನಿನ್ನ ಹೆಸರು ಹೇಳಿದೆ. ಆದರೆ ನಿನ್ನ ಮುಂದೆ, ನನ್ನ ಸೀಟು ನಿನಗೆ ಬಿಟ್ಟುಕೊಟ್ಟೆ ಎಂದು ಹೇಳಿದೆ. ಬಸ್ಸು ಹತ್ತುವ ಮುಂಚೆ ನೀನು ಎಲ್ಲರ ಎದುರು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ, ನಾನು ಮಾಡಿಸಿಕೊಂಡೆ.